ಧ್ರುವಪ್ರಭೆಯ ಕಾವು

ಬರಿಯ ನೋಟಕ್ಕೆಂದೇ ಹುಟ್ಟಿದವೋ ಎನ್ನಿಸುವ ವಸ್ತುಗಳು ಪ್ರಕೃತಿಯಲ್ಲಿ ಕೆಲವುಂಟು. ಕಾಮನಬಿಲ್ಲು ಅಂಥದೊಂದು, ನವಿಲಿನ ಗರಿ ಇನ್ನೊಂದು. ಭೂಮಿಯ ಎರಡು ತುದಿಗಳ ಸುತ್ತ ಇರುಳಿನ ಆಕಾಶದಲ್ಲಿ ಹಸಿರು ಪರದೆಯಂತೆ ಇಳಿಬಿದ್ದು, ತೂಗಾಡಿ, ಮರೆಯಾಗುವ ಧ್ರುವಪ್ರಭೆಯನ್ನೂ ಜನರು ಬಹುಕಾಲ ಆ ಸಾಲಿಗೇ ಸೇರಿಸಿದ್ದರು. ಅದು ಗುಡುಗುವುದಿಲ್ಲ, ಮಳೆ ತರುವುದಿಲ್ಲ, ಬೆಳೆಯನ್ನು ಸುಡುವುದಿಲ್ಲ. ನೋಡಿದವನು ಬೆರಗಾಗಿ ಮನೆಗೆ ಹಿಂದಿರುಗಬಹುದು, ಅಷ್ಟೆ. ಆದರೆ ಈ ಬೆಳಕಿನ ಹಿಂದೆ ಒಂದು ದೊಡ್ಡ ಒಲೆ ಉರಿಯುತ್ತಿದೆ ಎಂಬುದು ಈಗ ನಮಗೆ ಗೊತ್ತು. ಅದು ಹೊತ್ತಿಕೊಂಡಾಗ ವಾಯುಮಂಡಲದ ಮೇಲಂತಸ್ತು ಕಾದು ಉಬ್ಬುತ್ತದೆ. ಅಲ್ಲಿಯ ಗಾಳಿಯ ದಿಕ್ಕೂ ಬೆರಕೆಯೂ ಬದಲಾಗುತ್ತವೆ. ಅಲ್ಲಿ ಸಂಚರಿಸುತ್ತಿರುವ ನಮ್ಮ ಉಪಗ್ರಹಗಳು ಕೆಳಕ್ಕೆ ಜಗ್ಗಲ್ಪಡುತ್ತವೆ.

ಈ ತಿಳಿವಳಿಕೆ ಬಂದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೊಂದು ಸಂಗತಿ ಎದ್ದು ಕಂಡಿತು. ಬರಿಗಣ್ಣಿನಿಂದ ಸಾವಿರಾರು ವರ್ಷ ನೋಡಿದರೂ ಈ ಬೆಳಕಿನ ಗುಟ್ಟು ಹೊರಬೀಳಲಿಲ್ಲ. ಮನುಷ್ಯನು ತನ್ನದೆಂಬ ಯಾವುದಾದರೊಂದು ವಸ್ತುವನ್ನು ಅದರ ದಾರಿಯಲ್ಲಿ ಇಟ್ಟಾಗಲೇ ಒಂದಿಷ್ಟು ಹೊರಬಿದ್ದಿತು. ಮೊದಲು ಅದು ಒಂದು ಸೂಜಿ. ಆಮೇಲೆ ಒಂದು ತಂತಿ. ಕೊನೆಗೆ ಒಂದು ಕೃತಕ ಚಂದ್ರ. ಈ ಮೂರರ ಕತೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಹಿಂದಿನವರ ಊಹೆಗಳು

ಫಿನ್ನಿಷ್ ಭಾಷೆಯಲ್ಲಿ ಧ್ರುವಪ್ರಭೆಗೆ 'ನರಿಬೆಂಕಿ' ಎಂಬರ್ಥದ ಹೆಸರು ಇಂದಿಗೂ ಇದೆ. ನರಿಯೊಂದು ಹಿಮದ ಮೇಲೆ ಓಡುವಾಗ ಅದರ ಬಾಲ ಬಡಿದು ಕಿಡಿಗಳು ಆಕಾಶಕ್ಕೆ ಹಾರುತ್ತವೆ ಎಂಬುದು ಅಲ್ಲಿಯ ಜನಪದದ ಕತೆ. ಸುಮಾರು ೧೨೫೦ರಲ್ಲಿ ನಾರ್ವೆಯಲ್ಲಿ ರಚಿತವಾದ 'ರಾಜದರ್ಪಣ'ವೆಂಬ ಗ್ರಂಥದಲ್ಲಿ ತಂದೆಯೊಬ್ಬನು ಮಗನಿಗೆ ಮೂರು ಕಾರಣಗಳನ್ನು ಹೇಳುತ್ತಾನೆ: ಲೋಕವನ್ನು ಸುತ್ತುವರಿದ ಸಾಗರದ ಅಂಚಿನಲ್ಲಿ ಬೆಂಕಿ ಉರಿಯುತ್ತಿರಬಹುದು, ಕೆಳಗೆ ಮುಳುಗಿರುವ ಸೂರ್ಯನ ಕಿರಣಗಳು ಮೇಲಕ್ಕೆ ಚಿಮ್ಮುತ್ತಿರಬಹುದು, ಇಲ್ಲವೆ ಗ್ರೀನ್‌ಲೆಂಡಿನ ಹಿಮರಾಶಿ ತಾನು ಹೀರಿಕೊಂಡ ಬೆಳಕನ್ನು ಇರುಳಲ್ಲಿ ಬಿಡುತ್ತಿರಬಹುದು. ಮೂರೂ ತಪ್ಪು. ಆದರೂ ದೇವರು ದೆವ್ವಗಳ ಹಂಗಿಲ್ಲದೆ ಮೂರು ಕಾರಣಗಳನ್ನು ತಕ್ಕಡಿಗೆ ಹಾಕಿದ ಆ ತಂದೆಯ ಮೇಲೆ ನನಗೆ ಗೌರವವಿದೆ.

ನಮ್ಮ ಆಕಾಶದಲ್ಲಿ ಧ್ರುವಪ್ರಭೆ ಕಾಣುವುದು ಅತಿ ವಿರಳ. ದಿಕ್ಕುಗಳು ಹೊತ್ತಿ ಉರಿದಂತೆ ಕೆಂಪಾಗುವುದನ್ನು ವರಾಹಮಿಹಿರನು 'ದಿಗ್ದಾಹ'ವೆಂದು ಕರೆದು, ಬೃಹತ್ಸಂಹಿತೆಯಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟು, ಅದರ ಶಕುನಫಲಗಳನ್ನು ಹೇಳಿದ್ದಾನೆ. ಆತನು ಹೇಳಿದ್ದು ಧ್ರುವಪ್ರಭೆಯನ್ನೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ೧೮೭೨ರ ಫೆಬ್ರವರಿ ೪ರ ರಾತ್ರಿ ಮುಂಬಯಿಯ ಆಕಾಶದಲ್ಲಿಯೂ ಧ್ರುವಪ್ರಭೆ ಕಂಡುದಕ್ಕೆ ದಾಖಲೆಯಿದೆ. ವರಾಹಮಿಹಿರನ ಕಾಲದವರ ಕಣ್ಣಿಗೂ ಎಂದಾದರೊಮ್ಮೆ ಅದು ಬಿದ್ದಿರಬಾರದೆಂದೇನೂ ಇಲ್ಲ.

ಸೂಜಿ ನಡುಗಿತು

ಸ್ವೀಡನ್ನಿನ ಉಪ್ಸಾಲದಲ್ಲಿ ಆಂಡರ್ಸ್ ಸೆಲ್ಸಿಯಸ್ ಎಂಬ ಖಗೋಳಶಾಸ್ತ್ರಜ್ಞನಿದ್ದನು. ಉಷ್ಣಮಾಪಕದ ಮೂಲಕ ಆತನ ಹೆಸರು ಇಂದು ಶಾಲೆಯ ಮಕ್ಕಳಿಗೂ ಪರಿಚಿತ. ಆತನ ಭಾವನಾದ ಓಲೋಫ್ ಯೋರ್ಟರ್ ಎಂಬುವನಿಗೆ ಒಂದು ನೀರಸವಾದ ಕೆಲಸವಿತ್ತು: ಲಂಡನ್ನಿನಿಂದ ತರಿಸಿದ ಉದ್ದನೆಯ ಕಾಂತಸೂಚಿಯೊಂದರ ಮುಂದೆ ಕುಳಿತು, ಅದರ ತುದಿ ಎಲ್ಲಿದೆಯೆಂದು ಹೊತ್ತುಹೊತ್ತಿಗೆ ಬರೆದಿಡುವುದು. ೧೭೪೧ರ ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಸೂಜಿ ತನ್ನ ಜಾಗ ಬಿಟ್ಟು ವಿಪರೀತವಾಗಿ ಅಲೆಯತೊಡಗಿತು. ಅದೇ ಹೊತ್ತಿಗೆ ಹೊರಗೆ ಆಕಾಶದಲ್ಲಿ ಧ್ರುವಪ್ರಭೆ ಆಡುತ್ತಿದ್ದಿತು. ಬೆಳಕು ಹೆಚ್ಚಿದಂತೆ ಸೂಜಿಯ ಚಡಪಡಿಕೆಯೂ ಹೆಚ್ಚಿತು. ಬೆಳಕು ಅಡಗಿದಾಗ ಸೂಜಿಯೂ ಅಡಗಿತು.

ಉಪ್ಸಾಲದ ಯಾವುದೋ ಸ್ಥಳೀಯ ಕಾರಣದಿಂದ ಹೀಗಾಗಿರಬಹುದೇ ಎಂಬ ಸಂದೇಹಕ್ಕೆ ಎಡೆಯಿರಬಾರದೆಂದು ಸೆಲ್ಸಿಯಸನು ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರೇಯಮನಿಗೆ ಪತ್ರ ಬರೆದು, ಅಲ್ಲಿಯೂ ಸೂಜಿಯನ್ನು ನೋಡುತ್ತಿರುವಂತೆ ಕೇಳಿಕೊಂಡನು. ಏಪ್ರಿಲ್ ೫ರಂದು ಉಪ್ಸಾಲದ ಸೂಜಿಯೂ ಲಂಡನ್ನಿನ ಸೂಜಿಯೂ ಒಂದೇ ದಿನ ನಡುಗಿದವು. ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳ ನೆಲ ಮತ್ತು ಕಡಲು. ಆಕಾಶದ ಆ ಬೆಳಕು ಒಂದು ಊರಿನ ಸೊತ್ತಲ್ಲ, ಭೂಮಿಯ ಕಾಂತಶಕ್ತಿಯನ್ನೇ ಅದು ಕೆಣಕುತ್ತದೆ ಎಂಬುದು ಆಗ ಸ್ಥಿರಪಟ್ಟಿತು. ಪತ್ರವೊಂದು ಲಂಡನ್ನಿಗೆ ಹೋಗಿ ಉತ್ತರ ಬರಲು ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಇಂಥ ಜೊತೆಗೆಲಸ ನಡೆದುದು ಸಾಮಾನ್ಯವಲ್ಲ.

ಸೂಜಿ ಅಲುಗಿತೆಂದರೆ ಎಲ್ಲಿಯೋ ವಿದ್ಯುತ್ ಹರಿಯುತ್ತಿದೆ ಎಂದು ಅರ್ಥಮಾಡಿಕೊಳ್ಳಲು ಮಾತ್ರ ಜಗತ್ತು ೧೮೨೦ರವರೆಗೆ ಕಾಯಬೇಕಾಯಿತು. ವಿದ್ಯುತ್ ಹರಿಯುವ ತಂತಿಯ ಬಳಿ ಕಾಂತಸೂಚಿ ಹೊರಳುತ್ತದೆ ಎಂಬುದನ್ನು ಡೆನ್ಮಾರ್ಕಿನ ಎರ್ಸ್ಟೆಡನು ಆ ವರ್ಷ ತೋರಿಸಿಕೊಟ್ಟನು.

ಬ್ಯಾಟರಿಯಿಲ್ಲದೆ ಓಡಿದ ತಂತಿ

ಎರಡನೆಯ ಸಾಕ್ಷಿ ತಂತಿ. ೧೮೫೯ರ ಸೆಪ್ಟೆಂಬರ್ ೧ರ ಬೆಳಗ್ಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್‌ಟನ್ ಎಂಬುವನು ಸೂರ್ಯನ ಕಲೆಗಳನ್ನು ಚಿತ್ರಿಸುತ್ತಿದ್ದಾಗ, ಕಲೆಗಳ ಗುಂಪೊಂದರ ಮೇಲೆ ಕಣ್ಣುಕೋರೈಸುವ ಬಿಳಿಯ ಬೆಳಕು ಮೂಡಿ ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ಹದಿನೇಳು ಹದಿನೆಂಟು ಗಂಟೆಗಳ ತರುವಾಯ ಭೂಮಿಯ ಕಾಂತಸೂಚಿಗಳೆಲ್ಲ ಹುಚ್ಚೆದ್ದವು. ಉತ್ತರದೇಶಗಳಿಗೆ ಮೀಸಲಾಗಿದ್ದ ಬೆಳಕು ಕ್ಯೂಬಾ, ಹವಾಯಿಗಳವರೆಗೆ ಕಂಡಿತು.

ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ಊರುಗಳ ನಡುವೆ ತಂತಿಯ ಸಂದೇಶ ಕಳುಹಿಸುತ್ತಿದ್ದ ನೌಕರರಿಗೆ ಸೆಪ್ಟೆಂಬರ್ ೨ರಂದು ಒಂದು ಚಮತ್ಕಾರ ಕಂಡಿತು. ತಂತಿಯಲ್ಲಿ ಎಲ್ಲಿಂದಲೋ ಬಂದ ವಿದ್ಯುತ್ತು ಏರಿಳಿಯುತ್ತ ತೊಂದರೆ ಕೊಡುತ್ತಿದ್ದಿತು. ಇಬ್ಬರೂ ಮಾತಾಡಿಕೊಂಡು ತಮ್ಮ ತಮ್ಮ ಬ್ಯಾಟರಿಗಳನ್ನು ಕಳಚಿಟ್ಟರು. ಬ್ಯಾಟರಿಯಿಲ್ಲದೆ, ಧ್ರುವಪ್ರಭೆಯ ವಿದ್ಯುತ್ತಿನಿಂದಲೇ, ಸುಮಾರು ಎರಡು ಗಂಟೆಗಳ ಕಾಲ ಸಂದೇಶಗಳು ಸರಾಗವಾಗಿ ಹೋಗಿಬಂದವು. ಆಕಾಶದಲ್ಲಿ ಹರಿಯುವ ವಿದ್ಯುತ್ತು ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಇದಕ್ಕಿಂತ ಸುಲಭವಾದ ಪುರಾವೆ ಬೇಕಿರಲಿಲ್ಲ.

ಆ ಬಿರುಗಾಳಿಯ ಅಳತೆಯನ್ನು ಜಗತ್ತಿಗೆ ಉಳಿಸಿಕೊಟ್ಟ ಸ್ಥಳಗಳಲ್ಲಿ ನಮ್ಮ ದೇಶದ್ದೂ ಒಂದುಂಟೆಂದು ಹೇಳಲು ನನಗೆ ಸಂತೋಷ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಅಂದು ಕಾಂತಮಾಪಕವನ್ನು ಓದುತ್ತಿದ್ದವರು ಬಿಡದೆ ಅಂಕಿಗಳನ್ನು ಬರೆದಿಟ್ಟರು. ಆ ಹಳೆಯ ಅಂಕಿಗಳನ್ನು ವಿಜ್ಞಾನಿಗಳು ಪರಿಶೀಲಿಸಿ ೨೦೦೩ರಲ್ಲಿ ಪ್ರಕಟಿಸಿದಾಗ, ಅಲ್ಲಿ ಭೂಕಾಂತದ ಬಲ ಸುಮಾರು ೧೬೦೦ ನ್ಯಾನೋಟೆಸ್ಲಾದಷ್ಟು, ಎಂದರೆ ನೂರಕ್ಕೆ ನಾಲ್ಕರಷ್ಟು, ಕುಸಿದಿತ್ತೆಂದು ತಿಳಿಯಿತು. ಕೇಳಿದರೆ ಅಲ್ಪವೆನಿಸಬಹುದು, ಇಂದಿನ ದೊಡ್ಡ ಕಾಂತಬಿರುಗಾಳಿಗಳಲ್ಲಿ ಅಂಥ ತಗ್ಗು ಇದರ ಕಾಲುಭಾಗ ಮುಟ್ಟಿದರೂ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ.

ಬಣ್ಣದ ಒಗಟು

ಇಷ್ಟಾದರೂ ಆ ಬೆಳಕು ಎಷ್ಟು ಎತ್ತರದಲ್ಲಿದೆ, ಅಲ್ಲಿಯ ಗಾಳಿ ಎಂಥದು ಎಂಬುದು ತಿಳಿಯದು. ಎತ್ತರದ ಪ್ರಶ್ನೆಗೆ ಉತ್ತರ ಕೊಟ್ಟವನು ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟೋರ್ಮರ್. ೧೯೧೦ರಿಂದ ಮೊದಲುಗೊಂಡು ಆತನು ದೂರದೂರದ ಎರಡು ಠಾಣ್ಯಗಳಿಂದ, ಟೆಲಿಫೋನಿನಲ್ಲಿ ಸನ್ನೆ ಮಾಡಿಕೊಂಡು, ಒಂದೇ ಕ್ಷಣದಲ್ಲಿ ಒಂದೇ ಪ್ರಭೆಯ ಚಿತ್ರ ತೆಗೆಸಿದನು. ಹಿನ್ನೆಲೆಯ ನಕ್ಷತ್ರಗಳ ನಡುವೆ ಪ್ರಭೆಯ ಸ್ಥಾನ ಎರಡು ಚಿತ್ರಗಳಲ್ಲಿ ಎಷ್ಟು ಸರಿದಿದೆಯೆಂದು ಅಳೆದರೆ, ಭೂಮಾಪನದವರು ಬೆಟ್ಟದ ಎತ್ತರ ಕಂಡುಹಿಡಿಯುವಂತೆ, ಅದರ ಎತ್ತರ ಸಿಗುತ್ತದೆ. ಪ್ರಭೆಯ ಕೆಳಗಿನ ಅಂಚು ಸಾಮಾನ್ಯವಾಗಿ ನೆಲದಿಂದ ಸುಮಾರು ೧೦೦ ಕಿಲೋಮೀಟರು ಮೇಲಿದೆಯೆಂದೂ, ಅದರ ತುದಿ ಹಲವು ನೂರು ಕಿಲೋಮೀಟರುಗಳಿಗೆ ಏರುತ್ತದೆಂದೂ ಸಾವಿರಾರು ಚಿತ್ರಗಳಿಂದ ಗೊತ್ತಾಯಿತು.

ಬಣ್ಣದ ಒಗಟು ಇನ್ನೂ ಹಳೆಯದು. ೧೮೬೭ರಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಮನು ಧ್ರುವಪ್ರಭೆಯನ್ನು ರೋಹಿತದರ್ಶಕದಲ್ಲಿ ನೋಡಿದಾಗ ಒಂದು ಉಜ್ವಲವಾದ ಹಸಿರು ಗೆರೆ ಕಂಡಿತು. ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ಪದಾರ್ಥದ ಗೆರೆಯೂ ಅದಕ್ಕೆ ಹೊಂದಲಿಲ್ಲ. ಖಂಡಗಳು ಚಲಿಸುತ್ತವೆಂಬ ವಾದದಿಂದ ಪ್ರಸಿದ್ಧನಾದ ಜರ್ಮನಿಯ ವೆಗೆನರನು, ಮೇಲೆ 'ಜಿಯೋಕರೋನಿಯಂ' ಎಂಬ ಅತಿ ಹಗುರವಾದ ಹೊಸ ಅನಿಲವೊಂದು ಇರಬೇಕೆಂದನು. ನಾರ್ವೆಯ ವೆಗಾರ್ಡನು, ಅಲ್ಲಿ ಸಾರಜನಕವು ಹೆಪ್ಪುಗಟ್ಟಿ ಹರಳಿನ ಧೂಳಾಗಿದೆಯೆಂದೂ ಆ ಧೂಳೇ ಹೊಳೆಯುತ್ತದೆಂದೂ ವಾದಿಸಿದನು. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತ ಹೋಗಿ ಕಡೆಗೆ ಮಂಜಾಗಿ ಬಿಡುತ್ತದೆ ಎಂಬ ಊಹೆ ಆಗ ಅಸಂಗತವಾಗಿ ತೋರುತ್ತಿರಲಿಲ್ಲ.

೧೯೨೫ರಲ್ಲಿ ಕೆನಡದ ಟೊರಾಂಟೋದಲ್ಲಿ ಮೆಕ್ಲೆನನ್ ಮತ್ತು ಶ್ರಮ್ ಎಂಬಿಬ್ಬರು ಆ ಹಸಿರು ಗೆರೆಯನ್ನು ಪ್ರಯೋಗಶಾಲೆಯಲ್ಲಿಯೇ ಬರಿಸಿ ತೋರಿಸಿದರು. ಅದು ಯಾವ ಹೊಸ ಅನಿಲದ್ದೂ ಅಲ್ಲ. ನಾವು ಉಸಿರಾಡುವ ಆಮ್ಲಜನಕದ ಒಂಟಿ ಪರಮಾಣುವಿನದು. ಕೆಳಗಿನ ಗಾಳಿಯಲ್ಲಿ ಅದು ಏಕೆ ಕಾಣುವುದಿಲ್ಲ? ಕೆರಳಿದ ಪರಮಾಣು ಈ ಹಸಿರು ಬೆಳಕನ್ನು ಬಿಡುವ ಮೊದಲು ಮುಕ್ಕಾಲು ಸೆಕೆಂಡಿನಷ್ಟು ಕಾಯುತ್ತದೆ. ಇಲ್ಲಿಯ ಗಾಳಿಯಲ್ಲಿ ಅಷ್ಟರೊಳಗೆ ಅದಕ್ಕೆ ಲೆಕ್ಕವಿಲ್ಲದಷ್ಟು ಡಿಕ್ಕಿಗಳಾಗಿ ಅದರ ಶಕ್ತಿ ಸೋರಿಹೋಗುತ್ತದೆ. ಪ್ರಭೆಯ ಮೇಲ್ತುದಿಯ ಕೆಂಪು ಬೆಳಕಿಗಂತೂ ಅದೇ ಆಮ್ಲಜನಕ ಎರಡು ನಿಮಿಷದ ಹತ್ತಿರ ಹತ್ತಿರ ಕಾಯಬೇಕು. ಹೀಗೆ ಬಣ್ಣವೇ ಒಂದು ಅಳತೆಗೋಲಾಯಿತು. ಇನ್ನೂರು ಕಿಲೋಮೀಟರಿನಿಂದಾಚೆಗೆ ಒಂದು ಪರಮಾಣು ಇನ್ನೊಂದನ್ನು ಮುಟ್ಟದೆ ನಿಮಿಷಗಟ್ಟಲೆ ಇರಬಹುದಾದಷ್ಟು ಗಾಳಿ ವಿರಳ ಎಂದು ಆ ಕೆಂಪು ಹೇಳಿತು. ಇಷ್ಟು ವಿರಳವಾದ ಗಾಳಿಯಿಂದ ನಮಗೇನು ಎಂದು ಯಾರಾದರೂ ಆಗ ಕೇಳಿದ್ದರೆ ಅದನ್ನು ಅವಿವೇಕವೆನ್ನಲಾಗುತ್ತಿರಲಿಲ್ಲ.

ಬರ್ಕೆಲಾಂಡನ ವಾದ

ಈ ಚರಿತ್ರೆಯಲ್ಲಿ ನನಗೆ ಬಲು ಪ್ರಿಯನಾದವನು ನಾರ್ವೆಯ ಕ್ರಿಸ್ಟಿಯನ್ ಬರ್ಕೆಲಾಂಡ್. ೧೮೯೯ರ ಚಳಿಗಾಲವನ್ನು ಆತನು ಉತ್ತರ ನಾರ್ವೆಯ ಹಾಲ್ಡೆ ಬೆಟ್ಟದ ತುದಿಯ ಕಲ್ಲುಮನೆಯಲ್ಲಿ ಪ್ರಭೆಯನ್ನು ನೋಡುತ್ತ ಕಳೆದನು. ಆ ಯಾತ್ರೆಯಲ್ಲಿ ತಂಡದವನೊಬ್ಬನು ಹಿಮಪಾತಕ್ಕೆ ಸಿಕ್ಕಿ ಸತ್ತನು. ೧೯೦೨-೦೩ರಲ್ಲಿ ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗನ್, ನೋವಯ ಜೆಮ್ಲ್ಯಾ, ಹೀಗೆ ನಾಲ್ಕು ಕಡೆ ಏಕಕಾಲದಲ್ಲಿ ಕಾಂತಸೂಚಿಗಳನ್ನು ಓದಿಸಿದನು. ಊರಿಗೆ ಬಂದು, ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಕಾಂತಗೋಳವೊಂದನ್ನು ತೂಗುಹಾಕಿ, ಅದರ ಮೇಲೆ ಎಲೆಕ್ಟ್ರಾನುಗಳನ್ನು ಎರಚಿ, ಗೋಳದ ಎರಡು ತುದಿಗಳ ಸುತ್ತ ಪುಟ್ಟ ಪ್ರಭಾವಲಯಗಳನ್ನು ಹೊತ್ತಿಸಿದನು. ಸೂರ್ಯನಿಂದ ಬರುವ ವಿದ್ಯುತ್ಕಣಗಳು ಭೂಮಿಯ ಕಾಂತರೇಖೆಗಳ ಗುಂಟ ಇಳಿದು, ವಾಯುಮಂಡಲದಲ್ಲಿ ಅಡ್ಡಡ್ಡ ಹರಿದು, ಮತ್ತೆ ಮೇಲಕ್ಕೇರಿ ಹೋಗುತ್ತವೆ ಎಂಬುದು ಆತನ ಸಿದ್ಧಾಂತ.

ಸಂಶೋಧನೆಗೆ ಹಣ ಬೇಕಲ್ಲ! ಅದಕ್ಕಾಗಿ ಆತನು ವಿದ್ಯುತ್ತಿನಿಂದ ಗುಂಡು ಹಾರಿಸುವ ಫಿರಂಗಿಯೊಂದನ್ನು ರಚಿಸಿದನು. ೧೯೦೩ರಲ್ಲಿ ಅದನ್ನು ಗಣ್ಯರ ಮುಂದೆ ಪ್ರದರ್ಶಿಸಿದಾಗ ಗುಂಡು ಹಾರುವ ಬದಲು ಭಯಂಕರವಾದ ಸದ್ದಿನೊಡನೆ ಬೆಂಕಿಯ ಕಮಾನು ಎದ್ದಿತು. ಫಿರಂಗಿ ಕೆಟ್ಟಿತು, ಆದರೆ ಆ ಬೆಂಕಿಯ ಕಮಾನಿನಿಂದ ಗಾಳಿಯ ಸಾರಜನಕವನ್ನೂ ಆಮ್ಲಜನಕವನ್ನೂ ಕೂಡಿಸಿ ನೈಟ್ರಿಕ್ ಆಕ್ಸೈಡ್ ಮಾಡಬಹುದೆಂದು ಬರ್ಕೆಲಾಂಡನಿಗೆ ಹೊಳೆಯಿತು. ಸ್ಯಾಮ್ ಐಡೆ ಎಂಬ ಎಂಜಿನಿಯರನೊಡನೆ ಸೇರಿ, ಗಾಳಿಯಿಂದ ರಸಗೊಬ್ಬರ ತಯಾರಿಸುವ ಕುಲುಮೆಯನ್ನು ಕಟ್ಟಿದನು. ನಾರ್ಸ್ಕ್ ಹೈಡ್ರೋ ಎಂಬ ದೊಡ್ಡ ಸಂಸ್ಥೆ ಹುಟ್ಟಿದ್ದು ಹಾಗೆ. ಈ ನೈಟ್ರಿಕ್ ಆಕ್ಸೈಡನ್ನು ವಾಚಕರು ದಯವಿಟ್ಟು ಮರೆಯಬಾರದು. ಮುಂದೆ ಅದರಿಂದ ನಮಗೆ ಕೆಲಸವಿದೆ.

೧೯೧೭ರಲ್ಲಿ ಬರ್ಕೆಲಾಂಡನು ಟೋಕಿಯೋ ನಗರದಲ್ಲಿ ತೀರಿಕೊಂಡನು. ಆತನ ಸಿದ್ಧಾಂತಕ್ಕೆ ಆಮೇಲೆ ಒಳ್ಳೆಯ ಕಾಲ ಬರಲಿಲ್ಲ. ಭೂಕಾಂತವಿದ್ಯೆಯಲ್ಲಿ ಅಗ್ರಗಣ್ಯನಾಗಿದ್ದ ಇಂಗ್ಲೆಂಡಿನ ಸಿಡ್ನಿ ಚಾಪ್‌ಮನ್ನನು, ಆ ವಿದ್ಯುತ್ತೆಲ್ಲ ವಾಯುಮಂಡಲದೊಳಗೇ ಸುತ್ತುತ್ತದೆ, ಮೇಲಿಂದ ಇಳಿದು ಬರುವುದಿಲ್ಲ ಎಂದು ಗಣಿತದಿಂದ ತೋರಿಸಿದನು. ನೆಲದ ಮೇಲಿನ ಸೂಜಿಗಳಿಂದ ಈ ವ್ಯಾಜ್ಯವನ್ನು ತೀರ್ಮಾನಿಸುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಎರಡು ಚಿತ್ರಗಳೂ ಕೆಳಗೆ ಒಂದೇ ಬಗೆಯ ಅಲುಗಾಟವನ್ನು ಕೊಡಬಲ್ಲವು. ಮೇಲೆ ಹೋಗಿ ನೋಡುವವರೆಗೂ ಚಾಪ್‌ಮನ್ನನ ಪಕ್ಷವೇ ಗೆದ್ದಿತು.

ಕೃತಕ ಚಂದ್ರ ಹೇಳಿದ್ದು

ಮೇಲೆ ಹೋಗುವ ಕಾಲ ೧೯೫೭ರಲ್ಲಿ ಬಂದಿತು. ಆ ವರ್ಷದ ಜುಲೈಯಿಂದ ಮರುವರ್ಷದ ಡಿಸೆಂಬರಿನವರೆಗೆ ಹಲವು ದೇಶಗಳು ಕೂಡಿ 'ಅಂತರರಾಷ್ಟ್ರೀಯ ಭೂಭೌತ ವರ್ಷ'ವನ್ನು ಆಚರಿಸಿದವು. ಅದರ ಸಮಿತಿಗೆ ಅಧ್ಯಕ್ಷನು ಅದೇ ಚಾಪ್‌ಮನ್. ಆ ಅವಧಿಯಲ್ಲಿಯೇ, ಅಕ್ಟೋಬರ್ ೪ರಂದು, ಮೊದಲನೆಯ ಸ್ಪುಟ್ನಿಕ್ ಹಾರಿತು. ಅಲ್ಲಿಯವರೆಗೆ ಮೇಲಣ ವಾಯುಮಂಡಲದ ವಿಷಯವನ್ನು ರೇಡಿಯೋ ಪ್ರತಿಧ್ವನಿಯಿಂದಲೂ ಬೆಳಕಿನ ಗೆರೆಗಳಿಂದಲೂ ಊಹಿಸಬೇಕಾಗಿದ್ದಿತು. ಕಲ್ಕತ್ತೆಯ ಶಿಶಿರಕುಮಾರ ಮಿತ್ರರು ಅಂಥ ತಿಳಿವಳಿಕೆಯನ್ನೆಲ್ಲ ಕೂಡಿಸಿ ೧೯೪೭ರಲ್ಲಿ ಪ್ರಕಟಿಸಿದ ಮಹಾಗ್ರಂಥ ಲೋಕದಲ್ಲೆಲ್ಲ ಮಾನ್ಯವಾಗಿದ್ದಿತು. ಈಗ ಆ ಗಾಳಿಯನ್ನು ಸ್ವತಃ ಮುಟ್ಟಿಬರುವ ವಸ್ತು ದೊರೆಯಿತು.

ಇದರ ಫಲವನ್ನು ಕೊಯ್ದವನು ಲುಯಿಜಿ ಯಾಕ್ಕಿಯಾ. ಇಟಲಿಯಲ್ಲಿ ಹುಟ್ಟಿ ಅಮೆರಿಕದ ಸ್ಮಿತ್ಸೋನಿಯನ್ ಖಗೋಳ ವೀಕ್ಷಣಾಲಯದಲ್ಲಿದ್ದ ಈತನು ಅದುವರೆಗೆ ಉಲ್ಕೆಗಳ ಅಭ್ಯಾಸದಲ್ಲಿ ತೊಡಗಿದ್ದವನು. ಕೃತಕ ಚಂದ್ರಗಳನ್ನು ಹಿಂಬಾಲಿಸಿ ಚಿತ್ರ ತೆಗೆಯಲು ಆ ವೀಕ್ಷಣಾಲಯವು ಲೋಕದ ಹನ್ನೆರಡು ಕಡೆ ದೊಡ್ಡ ಕ್ಯಾಮೆರಾಗಳನ್ನು ಇರಿಸಿತ್ತು; ಅವುಗಳಲ್ಲೊಂದು ನಮ್ಮ ನೈನಿತಾಲಿನಲ್ಲಿದ್ದಿತು. ಚಂದ್ರನೊಂದು ಭೂಮಿಯನ್ನು ಸುತ್ತಲು ತೆಗೆದುಕೊಳ್ಳುವ ಕಾಲ ದಿನದಿನಕ್ಕೆ ಎಷ್ಟು ಕಡಿಮೆಯಾಗುತ್ತಿದೆಯೆಂದು ಯಾಕ್ಕಿಯಾ ಲೆಕ್ಕ ಹಾಕುತ್ತಿದ್ದನು.

ಕಡಿಮೆಯಾಗುವುದೇಕೆಂದು ವಾಚಕರು ಕೇಳಬಹುದು. ಗಾಳಿ ತಡೆದರೆ ಬಂಡಿ ನಿಧಾನವಾಗಬೇಕಲ್ಲವೆ? ಕಕ್ಷೆಯಲ್ಲಿ ಹಾಗಲ್ಲ. ತಡೆಯುಂಟಾದಾಗ ಚಂದ್ರನು ಕೆಳಕ್ಕಿಳಿಯುತ್ತಾನೆ; ಕೆಳಗಿನ ಕಕ್ಷೆಯ ಸುತ್ತಳತೆ ಕಿರಿದು, ಅಲ್ಲಿಯ ವೇಗ ಹಿರಿದು. ಆದ್ದರಿಂದ ಗಾಳಿ ತಡೆದಷ್ಟೂ ಸುತ್ತು ಬೇಗ ಮುಗಿಯುತ್ತದೆ. ಹೀಗೆ ಸುತ್ತಿನ ಕಾಲವೇ ಗಾಳಿಯ ಸಾಂದ್ರತೆಯನ್ನು ತೂಗುವ ತಕ್ಕಡಿಯಾಯಿತು.

೧೯೫೮ರ ಮೇ ತಿಂಗಳಲ್ಲಿ ಹಾರಿದ ಮೂರನೆಯ ಸ್ಪುಟ್ನಿಕ್ಕಿನ ಕಕ್ಷೆಯ ಲೆಕ್ಕದಲ್ಲಿ ಯಾಕ್ಕಿಯಾ ಕೆಲವು ಗಿಡ್ಡನೆಯ ಏರುಗಳನ್ನು ಕಂಡನು. ಗಾಳಿ ಒಮ್ಮೆಲೇ ದಟ್ಟವಾಗಿ ಒಂದೆರಡು ದಿನಗಳಲ್ಲಿ ಮತ್ತೆ ತೆಳುವಾದಂತೆ ಅವು ತೋರಿದವು. ಪಂಚಾಂಗ ತಿರುವಿ ನೋಡಿದರೆ ಅವು ಕಾಂತಬಿರುಗಾಳಿ ಎದ್ದ ದಿನಗಳು. ಉಪ್ಸಾಲದಲ್ಲಿ ಯೋರ್ಟರನ ಸೂಜಿಯನ್ನು ನಡುಗಿಸಿದ ಶಕ್ತಿಯೇ ನೂರಾರು ಕಿಲೋಮೀಟರು ಮೇಲೆ ಕೃತಕ ಚಂದ್ರನ ಕಾಲನ್ನೂ ಹಿಡಿದೆಳೆದಿತ್ತು. ೧೯೫೯ರಲ್ಲಿ ಆತನು ಇದನ್ನು ಪ್ರಕಟಿಸಿದನು.

ಹಾಲು ಉಕ್ಕಿದಂತೆ

ಎಳೆದದ್ದು ಹೇಗೆ? ಉತ್ತರವನ್ನು ನಮ್ಮ ಅಡಿಗೆಮನೆಯಲ್ಲಿಯೇ ಹುಡುಕಬಹುದು. ವಿದ್ಯುತ್ ಒಲೆಯ ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿ ಕಾಯುತ್ತದೆ. ಪ್ರಭೆ ಹೊತ್ತಿದಾಗ ೧೦೦ರಿಂದ ೧೫೦ ಕಿಲೋಮೀಟರು ಎತ್ತರದಲ್ಲಿ ಹರಿಯುವ ವಿದ್ಯುತ್ತು ಅಲ್ಲಿಯ ಗಾಳಿಯನ್ನು ಅದೇ ರೀತಿಯಲ್ಲಿ ಕಾಯಿಸುತ್ತದೆ. ಆಸ್ಟ್ರೇಲಿಯದ ಕೀತ್ ಕೋಲ್ ಎಂಬ ವಿಜ್ಞಾನಿ ೧೯೬೨ರಲ್ಲಿ ಈ ಕಾವಿನ ಲೆಕ್ಕ ಹಾಕಿ, ಇದನ್ನು ಅಲಕ್ಷಿಸುವಂತಿಲ್ಲವೆಂದು ತೋರಿಸಿದನು. ಮೇಲಿಂದ ಸುರಿಯುವ ಕಣಗಳ ಬಡಿತವೂ ಅದಕ್ಕೆ ಕೂಡಿಕೊಳ್ಳುತ್ತದೆ. ಆದರೆ ಬಹುಮಟ್ಟಿಗೆ ದೊಡ್ಡ ಪಾಲು ವಿದ್ಯುತ್ತಿನದೇ. ಮೇಲಣ ಗಾಳಿಯನ್ನು ದಿನವೂ ಕಾಯಿಸುವ ಯಜಮಾನ ಸೂರ್ಯನ ಅತಿನೇರಳೆ ಕಿರಣ. ದೊಡ್ಡ ಕಾಂತಬಿರುಗಾಳಿಯ ಕೆಲವು ಗಂಟೆಗಳಲ್ಲಿ ಧ್ರುವಪ್ರಭೆಯ ಒಲೆ ಆ ಯಜಮಾನನನ್ನೂ ಮೀರಿಸಬಲ್ಲದು.

ಒಲೆಯ ಮೇಲಿನ ಹಾಲು ತಳದಲ್ಲಿ ಕಾದರೂ ಉಕ್ಕುವುದು ಪಾತ್ರೆಯ ಕಂಠದಲ್ಲಿ. ಇಲ್ಲಿಯೂ ಹಾಗೆಯೇ. ನೂರೈವತ್ತು ಕಿಲೋಮೀಟರಿನೊಳಗೆ ಕಾದ ಗಾಳಿ ಹಿಗ್ಗಿ, ತನ್ನ ಮೇಲಿನ ಪದರಗಳನ್ನೆಲ್ಲ ಎತ್ತಿಹಿಡಿಯುತ್ತದೆ. ನಾನೂರು ಕಿಲೋಮೀಟರಿನಲ್ಲಿ ಸುತ್ತುತ್ತಿರುವ ಉಪಗ್ರಹ ತಾನಿದ್ದಲ್ಲಿಯೇ ಇದ್ದರೂ ಅದರ ದಾರಿಗೆ ಕೆಳಗಿನ ದಟ್ಟವಾದ ಗಾಳಿ ಏರಿಬರುತ್ತದೆ. ದೊಡ್ಡ ಬಿರುಗಾಳಿಗಳಲ್ಲಿ ಅಲ್ಲಿಯ ಸಾಂದ್ರತೆ ಎರಡು ಮೂರು ಪಟ್ಟಾದುದುಂಟು.

ಕಾವು ಧ್ರುವದಲ್ಲಿಯೇ ನಿಲ್ಲುವುದಿಲ್ಲ. ಕಾದ ಗಾಳಿ ಎರಡು ಧ್ರುವಗಳಿಂದಲೂ ಸಮಭಾಜಕದ ಕಡೆಗೆ ಬೀಸುತ್ತದೆ. ಉಬ್ಬರದ ಅಲೆಗಳು ಕೆಲವೇ ಗಂಟೆಗಳಲ್ಲಿ ನಮ್ಮ ತಲೆಯ ಮೇಲಕ್ಕೂ ಬಂದು ಮುಟ್ಟುತ್ತವೆ. ಕೆಳಗಿನ ಸಾರಜನಕ ಮೇಲಕ್ಕೆದ್ದು, ಅಲ್ಲಿ ಹೆಚ್ಚಾಗಿದ್ದ ಒಂಟಿ ಆಮ್ಲಜನಕದ ಪಾಲು ತಗ್ಗುತ್ತದೆ. ಇದರಿಂದ ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ವಿದ್ಯುತ್ಪದರವೂ ಕೆಡುತ್ತದೆ. ಬೆಂಗಳೂರಿನ ಜನ ಧ್ರುವಪ್ರಭೆಯನ್ನು ಕಾಣದಿರಬಹುದು. ಅದರ ಕಾವು ಬೆಂಗಳೂರಿನ ಮೇಲೆ ಹಾದುಹೋಗುವುದು ತಪ್ಪುವುದಿಲ್ಲ.

ಬರ್ಕೆಲಾಂಡನ ವ್ಯಾಜ್ಯವೂ ಈ ಕಾಲದಲ್ಲಿಯೇ ತೀರಿತು. ೧೯೬೬ರಲ್ಲಿ ಅಮೆರಿಕದ ನೌಕಾಪಡೆಯ ಉಪಗ್ರಹವೊಂದರ ಕಾಂತಮಾಪಕ ಪ್ರಭಾವಲಯದ ಮೇಲೆ ಹಾದಾಗ ಕಂಡ ಅಲುಗಾಟಗಳು ಪ್ರಕಟವಾದವು. ಮರುವರ್ಷ ಅವನ್ನು ಮೇಲಿನಿಂದ ಇಳಿದು ಏರುವ ವಿದ್ಯುತ್ಪ್ರವಾಹಗಳೆಂದು ಗುರುತಿಸಲಾಯಿತು. ಇಂದು ಅವುಗಳಿಗೆ ಬರ್ಕೆಲಾಂಡನ ಹೆಸರೇ ಇದೆ. ಆತನು ಸತ್ತು ಆಗ ಐವತ್ತು ವರ್ಷಗಳಾಗಿದ್ದವು. ಚಾಪ್‌ಮನ್ನನು ೧೯೭೦ರವರೆಗೆ ಬದುಕಿದ್ದನು. ತಾನು ಮುಂದೆ ನಿಂತು ನಡೆಸಿದ ಭೂಭೌತ ವರ್ಷದೊಡನೆ ಹುಟ್ಟಿದ ಉಪಗ್ರಹಗಳೇ ಎದುರಾಳಿಯ ಪರವಾಗಿ ಸಾಕ್ಷಿ ನುಡಿದುದು ಆತನ ಕಾಲದಲ್ಲಿಯೇ ನಡೆಯಿತು.

ಬೆ೦ಕಿಯ ಜೊತೆಗೇ ನೀರು

ಈಗ ನೈಟ್ರಿಕ್ ಆಕ್ಸೈಡಿನ ಸರದಿ. ಇಷ್ಟೊಂದು ಕಾವು ಸುರಿದರೆ ಮೇಲಣ ಗಾಳಿ ಬಹುದಿನ ಉಬ್ಬಿಯೇ ಇರಬೇಕಿತ್ತು. ಆದರೆ ಬಿರುಗಾಳಿ ಅಡಗಿದ ಮೇಲೆ ಅದು ಬೇಗನೆ ಇಳಿದುಬಿಡುತ್ತದೆ. ೨೦೦೧ರ ಡಿಸೆಂಬರಿನಲ್ಲಿ ಹಾರಿದ 'ಟೈಮ್ಡ್' ಎಂಬ ಉಪಗ್ರಹ ಮರುವರ್ಷದ ಏಪ್ರಿಲ್ ತಿಂಗಳ ಬಿರುಗಾಳಿಯನ್ನು ಮೇಲಿನಿಂದ ನೋಡಿದಾಗ, ಆ ಎತ್ತರದಲ್ಲಿ ನೈಟ್ರಿಕ್ ಆಕ್ಸೈಡ್ ಅವಗೆಂಪು ಕಿರಣಗಳ ರೂಪದಲ್ಲಿ ಕಾವನ್ನು ಹೊರಕ್ಕೆ ಚೆಲ್ಲುತ್ತಿದ್ದುದು ಕಂಡಿತು. ಪ್ರಭೆಯ ಕಣಗಳು ಸಾರಜನಕವನ್ನು ಒಡೆಯುತ್ತವೆ. ಒಡೆದ ಸಾರಜನಕ ಆಮ್ಲಜನಕವನ್ನು ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಗಾಳಿ ಕಾದಷ್ಟೂ ಅದು ಹೆಚ್ಚು ಕಾವನ್ನು ಹೊರಹಾಕುತ್ತದೆ. ಬೆಂಕಿ ಹಚ್ಚಿದವನೇ ಕೊಡದಲ್ಲಿ ನೀರನ್ನೂ ತಂದಿಟ್ಟಂತೆ.

ಬರ್ಕೆಲಾಂಡನು ಗೊಬ್ಬರಕ್ಕಾಗಿ ತನ್ನ ಕುಲುಮೆಯಲ್ಲಿ ತಯಾರಿಸಿದ ಅನಿಲವನ್ನೇ ಆತನ ಪ್ರೀತಿಯ ಧ್ರುವಪ್ರಭೆ ಮೇಲೆ ಅನಾದಿಯಿಂದ ತಯಾರಿಸುತ್ತಿದ್ದಿತು. ಹಣಕ್ಕಾಗಿ ಮಾಡಿದ ಕೆಲಸವೆಂದು ಆತನು ಬೇರೆಯಿಟ್ಟಿದ್ದ ಕುಲುಮೆಗೂ ಜೀವವನ್ನೇ ತೆತ್ತು ಹಿಂಬಾಲಿಸಿದ ಬೆಳಕಿಗೂ ಇಂಥ ನಂಟಿರುವುದು ಆತನಿಗೆ ತಿಳಿಯಲೇ ಇಲ್ಲ.

ಬೆಲೆ ತೆತ್ತು ಕಲಿತದ್ದು

ಈ ತಿಳಿವಳಿಕೆ ಪುಸ್ತಕದಲ್ಲಿದ್ದರೆ ಸಾಲದು, ಲೆಕ್ಕದಲ್ಲಿಯೂ ಬರಬೇಕು. ೧೯೭೩ರಲ್ಲಿ ಅಮೆರಿಕದವರು ಹಾರಿಸಿದ ಸ್ಕೈಲ್ಯಾಬ್ ಹೊಸ ನೌಕೆಯೊಂದು ಸಿದ್ಧವಾಗಿ ತನ್ನನ್ನು ಮೇಲೆತ್ತುವವರೆಗೂ ಉಳಿಯುತ್ತದೆಂದು ಭಾವಿಸಲಾಗಿತ್ತು. ಸೂರ್ಯ ಎಣಿಸಿದುದಕ್ಕಿಂತ ಉಗ್ರವಾದನು. ಮೇಲಣ ಗಾಳಿ ಕಾದು ಉಬ್ಬಿತು. ೧೯೭೯ರ ಜುಲೈ ೧೧ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯದ ನೆಲಕ್ಕೂ ಚೂರುಚೂರಾಗಿ ಬಿದ್ದಿತು. ನಮ್ಮ ದೇಶದಲ್ಲಿಯೂ ಜನ ದಿಗಿಲಿನಿಂದ ಆಕಾಶ ನೋಡಿದ್ದು ಹಿರಿಯ ವಾಚಕರಿಗೆ ನೆನಪಿದ್ದೀತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ, ೧೯೭೫ರ ಏಪ್ರಿಲ್ ೧೯ರಂದು ರಷ್ಯದಿಂದ ಹಾರಿಸಿದ ನಮ್ಮ ಆರ್ಯಭಟ ಅದಕ್ಕಿಂತ ಎತ್ತರದಲ್ಲಿದ್ದುದರಿಂದ ೧೯೯೨ರವರೆಗೆ ಸುತ್ತಿತು. ಅದನ್ನೂ ಕಡೆಗೆ ಕೆಳಗಿಳಿಸಿದ್ದು ಅದೇ ತೆಳ್ಳನೆಯ ಗಾಳಿ.

೧೯೮೯ರ ಮಾರ್ಚ್ ೧೩ರ ಬಿರುಗಾಳಿಯಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ಅರುವತ್ತು ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕತ್ತಲಲ್ಲಿದ್ದರು. ಆ ಕತ್ತಲೆಯ ಸುದ್ದಿ ಎಲ್ಲರಿಗೂ ತಿಳಿಯಿತು. ಮೇಲೆ ಸುತ್ತುತ್ತಿದ್ದ ವಸ್ತುಗಳ ಜಾತಕವಿಟ್ಟಿದ್ದವರ ಪಾಡು ಅಷ್ಟಾಗಿ ಹೊರಬೀಳಲಿಲ್ಲ. ಸಾವಿರಕ್ಕೂ ಹೆಚ್ಚು ವಸ್ತುಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ; ಗಾಳಿ ಅವನ್ನು ಲೆಕ್ಕ ತಪ್ಪಿಸಿ ಕೆಳಕ್ಕೆಳೆದಿತ್ತು. ಒಂದೊಂದನ್ನೂ ಹುಡುಕಿ ಮತ್ತೆ ಗುರುತಿಸಬೇಕಾಯಿತು.

೨೦೨೨ರ ಫೆಬ್ರವರಿ ೩ರಂದು ಸ್ಪೇಸ್ ಎಕ್ಸ್ ಕಂಪನಿ ೪೯ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿ, ಮೊದಲಿಗೆ ಸುಮಾರು ೨೧೦ ಕಿಲೋಮೀಟರಿನಷ್ಟು ತಗ್ಗಿನಲ್ಲಿ ಬಿಟ್ಟಿತು. ಕೆಟ್ಟುಹೋದವು ಬೇಗನೆ ಬಿದ್ದು ಸುಟ್ಟುಹೋಗಲಿ ಎಂಬ ವಿವೇಕ ಅದರಲ್ಲಿದ್ದಿತು. ಅಂದು ಬಂದದ್ದು ದೊಡ್ಡ ಬಿರುಗಾಳಿಯೇನಲ್ಲ, ವರ್ಷದಲ್ಲಿ ಹಲವು ಬಾರಿ ಬರುವಂಥದು. ಆದರೂ ಗಾಳಿಯ ತಡೆ ಹಿಂದಿನ ಹಾರಾಟಗಳಿಗಿಂತ ನೂರಕ್ಕೆ ಐವತ್ತರಷ್ಟು ಏರಿತು. ಅಡ್ಡಲಾಗಿ ಮಲಗಿಸಿ ತಡೆ ತಗ್ಗಿಸಲು ಪ್ರಯತ್ನಿಸಿದರೂ ೩೮ ಉಪಗ್ರಹಗಳು ಕೆಲವೇ ದಿನಗಳಲ್ಲಿ ಉರಿದು ಬಿದ್ದವು.

೨೦೨೪ರ ಮೇ ೧೦-೧೧ರಂದು ಬಂದದ್ದು ಎರಡು ದಶಕಗಳಲ್ಲೇ ಬಲವಾದ ಬಿರುಗಾಳಿ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಕ್ಯಾಮೆರಾಗಳು ಬಡಗಣ ದಿಗಂತದಲ್ಲಿ ಕೆಂಪು ಬೆಳಕನ್ನು ಸೆರೆಹಿಡಿದವು. ಪತ್ರಿಕೆಗಳು ಆ ಚಿತ್ರಗಳನ್ನು ಅಚ್ಚು ಹಾಕಿ ಸಂಭ್ರಮಿಸಿದವು. ಅದೇ ಹೊತ್ತಿಗೆ ನಮ್ಮ ಉಪಗ್ರಹಗಳ ಕಕ್ಷೆಯೂ ಎಂದಿಗಿಂತ ಬೇಗ ಕುಸಿಯಿತೆಂದು ಇಸ್ರೋ ತಿಳಿಸಿತು. ಅತ್ತ ಅಮೆರಿಕದಲ್ಲಿ ಬಿತ್ತನೆಯ ಕಾಲವಾಗಿತ್ತು; ಉಪಗ್ರಹಗಳ ಸನ್ನೆಯಿಂದ ಸಾಲು ಹಿಡಿಯುವ ಟ್ರ್ಯಾಕ್ಟರುಗಳು ದಾರಿ ತಪ್ಪಿ, ಅನೇಕ ರೈತರು ಬಿತ್ತನೆ ನಿಲ್ಲಿಸಿ ಕುಳಿತರು.

ಇಂದು ಭೂಮಿಯ ಸುತ್ತ ಕೆಲಸ ಮಾಡುತ್ತಿರುವ ಉಪಗ್ರಹಗಳು ಹತ್ತು ಸಾವಿರಕ್ಕೂ ಹೆಚ್ಚು; ಬಹುಪಾಲು ಈ ಉಬ್ಬುವ ಗಾಳಿಯ ವ್ಯಾಪ್ತಿಯಲ್ಲಿಯೇ ಇವೆ. ಉಬ್ಬುವ ಗಾಳಿಯಿಂದ ಒಂದು ಉಪಕಾರವೂ ಉಂಟೆಂದು ಹೇಳದಿದ್ದರೆ ಅನ್ಯಾಯವಾದೀತು: ಸತ್ತ ಉಪಗ್ರಹಗಳನ್ನೂ ಒಡೆದ ಚೂರುಗಳನ್ನೂ ಅದು ಪುಕ್ಕಟೆಯಾಗಿ ಗುಡಿಸಿ ಸುಟ್ಟುಹಾಕುತ್ತದೆ. ಆದರೆ ಪೊರಕೆಗೆ ಕಸವಾವುದು, ಪಾತ್ರೆಯಾವುದು ಎಂಬ ಭೇದವಿಲ್ಲ. ಬಿರುಗಾಳಿ ಬಂದ ದಿನ ಸಾವಿರಾರು ವಸ್ತುಗಳು ಒಟ್ಟಿಗೆ ಲೆಕ್ಕ ತಪ್ಪಿದರೆ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುವುದೆಂದು ಮುಂಚಿತವಾಗಿ ಹೇಳುವುದು ಕಷ್ಟ. ನಾಳೆ ಆ ಗಾಳಿ ಎಷ್ಟು ಉಬ್ಬೀತೆಂದು ಇಂದೇ ಸರಿಯಾಗಿ ಹೇಳುವ ಶಾಸ್ತ್ರ ಇನ್ನೂ ಪಕ್ವವಾಗಿಲ್ಲ ಎಂಬುದಕ್ಕೆ ೨೦೨೨ರ ಆ ಸಾಧಾರಣ ಬಿರುಗಾಳಿಯೇ ಸಾಕ್ಷಿ.

ಯೋರ್ಟರನ ಸೂಜಿ ನಡುಗಿದಾಗ ಯಾರಿಗೂ ನಷ್ಟವಾಗಲಿಲ್ಲ. ಬಾಸ್ಟನ್ನಿನ ತಂತಿ ಕೆಟ್ಟಾಗ ಕೆಲವು ಸಂದೇಶಗಳು ತಡವಾದವು. ಇಂದು ನಾವು ಆ ಬೆಳಕಿನ ದಾರಿಯಲ್ಲಿ ಇಟ್ಟಿರುವುದು ನಮ್ಮ ಹವಾಮಾನದ ಮುನ್ಸೂಚನೆ, ನಮ್ಮ ಹಡಗು ವಿಮಾನಗಳ ದಾರಿ, ನಮ್ಮ ಮಾತುಕತೆ. ಆದ್ದರಿಂದ ಇನ್ನು ಮುಂದೆ ಪತ್ರಿಕೆಯಲ್ಲಿ ಧ್ರುವಪ್ರಭೆಯ ಚಿತ್ರ ಕಂಡಾಗ ಅದರ ಚೆಲುವನ್ನು ಮೆಚ್ಚೋಣ. ಅದರೊಡನೆ, ಆ ರಾತ್ರಿ ಮೇಲೆ ಗಾಳಿ ಎಷ್ಟು ಉಕ್ಕಿತು ಎಂದೂ ಒಮ್ಮೆ ವಿಚಾರಿಸೋಣ.